ಚಳಿಯಲ್ಲಿ ವಿಮಾನ ಇಳಿಯುವ 3 ಡಿಗ್ರಿ ಇಳಿಜಾರು 2.64 ಆಗುವುದು ಹೇಗೆ?

ವಿಮಾನದ ಎತ್ತರ ತೋರಿಸುವ ಆಲ್ಟಿಮೀಟರ್ ಅಳೆಯುವುದು ಗಾಳಿಯ ಒತ್ತಡವನ್ನು. ಸಮುದ್ರಮಟ್ಟದಲ್ಲಿ 15 ಡಿಗ್ರಿ, 1000 ಅಡಿ ಏರಿದರೆ ಸುಮಾರು 2 ಡಿಗ್ರಿ ಕಡಿಮೆ ಎಂಬ ಐಎಸ್ಎ (ಅಂತರರಾಷ್ಟ್ರೀಯ ಪ್ರಮಾಣಿತ ವಾತಾವರಣ) ಲೆಕ್ಕ ನಂಬಿ ಅದನ್ನು ಅಡಿಯಾಗಿ ತೋರಿಸುತ್ತದೆ. ಇಷ್ಟು ಎಲ್ಲರಿಗೂ ಗೊತ್ತು.

ಚಳಿಯಾದರೆ ಇಳಿಯುವ ಪಥ ಪೂರ್ತಿ ಕೆಳಗೆ ಜಾರುತ್ತದೆ ಅಂದುಕೊಂಡಿದ್ದೆ. ತಪ್ಪು. ಬದಿಯಡ್ಕದಲ್ಲಿ ಮಾವ ಒಳ್ಳೆಮೆಣಸು ಕೊಯ್ಯಲು ಏಣಿ ಒರಗಿಸಿದ್ದರು. ಅದನ್ನು ಹಿಡಿದುಕೊಂಡು ನಿಂತಾಗ ವಿಷಯ ತಲೆಗೆ ಹೋಯಿತು. ಏಣಿಯ ಬುಡ ನೆಲದಲ್ಲೇ ಇದೆ, ಮೆಟ್ಟಿಲುಗಳ ನಡುವಿನ ಅಂತರ ಮಾತ್ರ ಕುಗ್ಗಿದೆ ಅಂತ ಇಟ್ಟುಕೊಳ್ಳಿ. ಇಪ್ಪತ್ತನೇ ಮೆಟ್ಟಿಲಲ್ಲಿರುವವರ ಲೆಕ್ಕ ಇಪ್ಪತ್ತೇ, ಆದರೆ ನಿಂತದ್ದು ಕೆಳಗೆ. ಎರಡನೇ ಮೆಟ್ಟಿಲಲ್ಲಿ ವ್ಯತ್ಯಾಸ ತುಸುವೇ, ಬುಡದಲ್ಲಿ ಸೊನ್ನೆ. ಚಳಿಗೆ ಗಾಳಿ ಕುಗ್ಗುವುದೂ ಹೀಗೆಯೇ.

ಆಲ್ಟಿಮೀಟರಿಗೆ ವಿಮಾನ ನಿಲ್ದಾಣದ ಕ್ಯೂಎನ್ಎಚ್ (ಅಲ್ಲಿನ ಒತ್ತಡದ ಸೆಟ್ಟಿಂಗ್) ಹಾಕಿದರೆ ರನ್‌ವೇ ಮಟ್ಟವೇ ಆ ಬುಡ. ಮೇಲೆ ಹೋದಷ್ಟೂ ತಪ್ಪು ಜಾಸ್ತಿ. ಅದಕ್ಕೇ ಬಾರೋ-ವಿಎನ್ಎವಿ, ಅಂದರೆ ಒತ್ತಡದಿಂದ ಅಳೆದ ಎತ್ತರ ನೋಡಿ ಇಳಿಯುವ ಪಥದ ಕೋನವೇ ಬದಲಾಗುತ್ತದೆ. ಲೆಕ್ಕಕ್ಕೆ ಸಮುದ್ರಮಟ್ಟದಿಂದ ಎತ್ತರ ಬೇಡ, ನಿಲ್ದಾಣದಿಂದ ಮೇಲಿನ ಎತ್ತರ ಮಾತ್ರ ಸಾಕು.

ನಾನು ಮೂರು ದಿನ ಸಿಕ್ಕಿಬಿದ್ದದ್ದು ಇಲ್ಲಿ. ಸಮುದ್ರಮಟ್ಟದ ನಿಲ್ದಾಣ, ಮೈನಸ್ 20 ಡಿಗ್ರಿ. ಐಎಸ್ಎಗಿಂತ 35 ಕಡಿಮೆ. 10 ಡಿಗ್ರಿಗೆ ಶೇ. 4 ಎಂಬ ಸುಲಭ ಸೂತ್ರದಲ್ಲಿ ಶೇ. 14. ಆದರೆ ಕೆಲ್ವಿನ್‌ನಲ್ಲಿ (ಸೆಲ್ಸಿಯಸ್‌ಗೆ 273 ಸೇರಿಸಿ) 253 ಭಾಗಿಸು 288 ಅಂದರೆ 0.878, ಕೊರತೆ ಶೇ. 12 ಮಾತ್ರ. ಯಾವುದು ಸರಿ? ಎರಡೂ! ಶೇ. 12 ಅಂದರೆ ತೋರಿಸಿದ್ದರಲ್ಲಿ ಕಳೆದುಹೋದದ್ದು: ಮುಳ್ಳು 2000 ಅಂದಾಗ ನಿಜ ಎತ್ತರ ಸುಮಾರು 1757 ಅಡಿ. ಶೇ. 14 ಅಂದರೆ ನಿಜವಾದ 2000 ಬೇಕಿದ್ದರೆ ಸೇರಿಸಬೇಕಾದದ್ದು: 280 ಅಡಿ, ಮುಳ್ಳು 2280 ತೋರಿಸಬೇಕು. ನೂರಕ್ಕೆ ಇಪ್ಪತ್ತು ಕಳೆದ ಮೇಲೆ ಮತ್ತೆ ನೂರಾಗಲು ಇಪ್ಪತ್ತೈದು ಸೇರಿಸಬೇಕು, ಅಲ್ವಾ? ಅದೇ ಇದು.

ಕೋನವೂ ಹಾಗೆಯೇ. ತಿದ್ದದೆ ಹಾರಿದರೆ 3 × 0.878 = 2.64 ಡಿಗ್ರಿ. ನಿಜವಾದ 3 ಬೇಕಿದ್ದರೆ ಆಲ್ಟಿಮೀಟರ್ ಲೆಕ್ಕದಲ್ಲಿ 3 ÷ 0.878, ಸುಮಾರು 3.4 ಡಿಗ್ರಿ ಇಳಿಯಬೇಕು.

ಐಎಲ್ಎಸ್ ಎಂಬ ಇಳಿಯುವ ವ್ಯವಸ್ಥೆಯ ಗ್ಲೈಡ್ ಸ್ಲೋಪ್ ನೆಲದಿಂದ ಬರುವ ರೇಡಿಯೋ ಕಿರಣ, ಅದರ ಕೋನ ಚಳಿಗೆ ಬದಲಾಗುವುದಿಲ್ಲ. ಆದರೆ ಡಿಎ (ಇಳಿಯುವುದೋ ಮತ್ತೆ ಮೇಲೇರುವುದೋ ಎಂದು ನಿರ್ಧರಿಸುವ ಎತ್ತರ) ಓದುವುದು ಆಲ್ಟಿಮೀಟರಲ್ಲೇ, ಅದಕ್ಕೆ ತಿದ್ದುಪಡಿ ಬೇಕು.

ನಮ್ಮ ಕಡೆ ಕಥೆ ಉಲ್ಟಾ. ಮಂಗಳೂರಲ್ಲಿ 35 ಡಿಗ್ರಿ ಸೆಕೆ ಇದ್ದರೆ ಅದೇ 3 ಡಿಗ್ರಿ 3.2 ಆಗುತ್ತದೆ. 140 ನಾಟ್ ನೆಲವೇಗದಲ್ಲಿ ನಿಮಿಷಕ್ಕೆ ಸುಮಾರು 50 ಅಡಿ ಜಾಸ್ತಿ ಇಳಿತ. ಕಣ್ಣಿಗೆ ಕಾಣುವ ಸಾಕ್ಷಿ ಪಾಪಿ ದೀಪಗಳು, ಅಂದರೆ ರನ್‌ವೇ ಪಕ್ಕದಲ್ಲಿ ಇಳಿಯುವ ಕೋನ ತೋರಿಸುವ ನಾಲ್ಕು ದೀಪ. 3 ಡಿಗ್ರಿಗೆ ಇಟ್ಟ ಸಾಮಾನ್ಯ ಪಾಪಿಯಲ್ಲಿ 2.64ಕ್ಕೆ ಮೂರು ಕೆಂಪು, ಒಂದು ಬಿಳಿ. 3.2ಕ್ಕೆ ಮೂರು ಬಿಳಿ, ಒಂದು ಕೆಂಪು. ಎರಡೂ ಸಲ ಕಾಕ್‌ಪಿಟ್‌ನ ಸೂಚಕ ಮಾತ್ರ ಪಥದ ನಟ್ಟನಡುವೆ ಇರುತ್ತದೆ.