ಡಿಎನ್‌ಎ ನಕಲಿನ ಸರದಿ: ಕಾಲುವೆಯ ಕೊನೆ ಭಾಗದಿಂದ ಒಂದು ಟಿಪ್ಪಣಿ

ಮೊದಲು ಅಳತೆ ನೆನಪಿರಲಿ. ಮನುಷ್ಯನ ಒಂದು ಕೋಶದ ಡಿಎನ್‌ಎ ಬಿಚ್ಚಿ ಹಾಸಿದರೆ ಸುಮಾರು 2 ಮೀಟರ್. ಅದು ಕೂತಿರುವ ಕೋಶಕೇಂದ್ರದ ಅಗಲ 10 ಮೈಕ್ರೊಮೀಟರ್ ಆಸುಪಾಸು. ಇಷ್ಟೇ ಜಾಗದಲ್ಲಿ 46 ವರ್ಣತಂತುಗಳೂ ಎಸ್ ಹಂತದ (ಕೋಶ ಒಡೆಯುವ ಮೊದಲು ನಕಲು ನಡೆಯುವ ಅವಧಿ) ಸುಮಾರು 8 ತಾಸಿನಲ್ಲಿ ನಕಲಾಗಬೇಕು.

ನಕಲಿಗೆ ಸಾವಿರಾರು ಆರಂಭಬಿಂದುಗಳಿವೆ. ಎಲ್ಲವೂ ಒಟ್ಟಿಗೆ ತೆರೆದರೆ ಕೆಲಸ ಬೇಗ ಮುಗಿಯುತ್ತದಲ್ಲ ಅಂತ ನಾನು ಅಂದುಕೊಂಡಿದ್ದೆ. ಕಾಲುವೆಯ ಕೊನೆ ಭಾಗದ ಮಾನ್ವಿ ಕಡೆಯವನು ಹಾಗೆ ಅಂದುಕೊಳ್ಳಬಾರದಿತ್ತು! ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದ ತೂಬುಗಳೆಲ್ಲ ಒಮ್ಮೆಲೇ ತೆರೆದರೆ ಕೊನೆ ಭಾಗದ ಗದ್ದೆಯ ಗತಿ ಏನೆಂದು ನಮಗೆ ಗೊತ್ತೇ ಇದೆ. ಕೋಶದಲ್ಲಿ ನೀರಿನ ಜಾಗದಲ್ಲಿ ಆರ್‌ಪಿಎ ಎಂಬ ಪ್ರೋಟೀನ್ ಇಟ್ಟು ನೋಡಿ. ನಕಲಿಗಾಗಿ ಬಿಚ್ಚಿಕೊಂಡ ಒಂಟಿ ಎಳೆಗೆ ಅದೇ ಹೊದಿಕೆ, ಅದರ ದಾಸ್ತಾನಿಗೆ ಮಿತಿಯಿದೆ. ಬಿಂದುಗಳು ಮಿತಿಮೀರಿ ತೆರೆದು ಆರ್‌ಪಿಎ ತೀರಿತೋ, ಬರಿಮೈ ಎಳೆಗಳು ತುಂಡಾಗುತ್ತವೆ. ಒಂದೆರಡು ಕಡೆಯಲ್ಲ, ಕೋಶಕೇಂದ್ರದ ತುಂಬ. ಇಲ್ಲಿ ನೀರಗಂಟಿಯ ಕೆಲಸ ಎಟಿಆರ್ ಎಂಬ ಕಿಣ್ವದ್ದು. ನಕಲಿನ ಕವಲುಗಳು (ಎಳೆ ಬಿಚ್ಚಿಕೊಂಡು ನಕಲಾಗುತ್ತಿರುವ ಜಾಗಗಳು) ತಡವರಿಸಿದರೆ ಸರದಿ ಬಾರದ ಬಿಂದುಗಳನ್ನು ಅದು ತಡೆಹಿಡಿಯುತ್ತದೆ.

ಸರದಿ ಯಾರದು ಮೊದಲು? ಒಳಗಡೆ ಸಡಿಲವಾಗಿರುವ, ಜೀನುಗಳು ಚುರುಕಾಗಿರುವ ಭಾಗದ್ದು. ಕೋಶಕೇಂದ್ರದ ಅಂಚಿನ ಲ್ಯಾಮಿನ್ ಎಂಬ ಪ್ರೋಟೀನ್ ಜಾಲಕ್ಕೆ ಅಂಟಿಕೊಂಡ, ಒತ್ತಾಗಿ ಸುತ್ತಿದ ಹೆಟೆರೊಕ್ರೋಮ್ಯಾಟಿನ್ ಬಹುಮಟ್ಟಿಗೆ ಕೊನೆಗೆ. ಕೋಶ ಒಡೆದು ಎರಡಾದ ಮೇಲೆ, ಎಸ್ ಹಂತಕ್ಕೂ ಮುಂಚಿನ ಜಿ1 ಹಂತದ ಶುರುವಿನಲ್ಲಿ ವರ್ಣತಂತುವಿನ ಭಾಗಗಳು ತಂತಮ್ಮ ಜಾಗ ಹಿಡಿಯುವ ಹೊತ್ತಿಗೇ ಈ ಸರದಿಯೂ ನಿಗದಿಯಾಗುತ್ತದೆಂದು 1999ರಲ್ಲಿ ಡಿಮಿಟ್ರೋವಾ ಮತ್ತು ಗಿಲ್ಬರ್ಟ್ ಎಂಬ ವಿಜ್ಞಾನಿಗಳು ತೋರಿಸಿದರು. ಪರೀಕ್ಷೆಯಲ್ಲಿ ಎಸ್ ಹಂತ ಎಂದು ಬರೆದು ಅಂಕ ಕಳಕೊಳ್ಳಬೇಡಿ. ಕಾಲುವೆಯ ಹೋಲಿಕೆಯೂ ಇಲ್ಲಿಗೆ ಸಾಕು: ನಮ್ಮ ಪಾಲಿಗೆ ಕೊನೆ ಸರದಿ ಅನ್ಯಾಯ, ಹೆಟೆರೊಕ್ರೋಮ್ಯಾಟಿನ್ ಪಾಲಿಗೆ ಏರ್ಪಾಡು.

ನನಗೆ ಹೆಚ್ಚು ಹಿಡಿಸಿದ್ದು ರಿಪೇರಿಯ ಭಾಗ. ಹೆಟೆರೊಕ್ರೋಮ್ಯಾಟಿನ್‌ನಲ್ಲಿ ಒಂದೇ ಅಕ್ಷರಸಾಲು ಮತ್ತೆ ಮತ್ತೆ ಬರುತ್ತದೆ. ಅಲ್ಲಿ ಎಳೆ ಮುರಿದರೆ ಅಕ್ಕಪಕ್ಕದ ಬೇರೆ ವರ್ಣತಂತುವಿನ ಅಂಥದೇ ಸಾಲನ್ನು ತನ್ನದೆಂದು ತಿಳಿದು ಜೋಡಿಸಿಬಿಡುವ ಅಪಾಯ. ಅದಕ್ಕೇ ಹಣ್ಣುನೊಣದ ಕೋಶದಲ್ಲಿ ಮುರಿದ ತುದಿಯನ್ನು ಮೊದಲು ಒಂದೆಡೆ ಗುಂಪಾಗಿರುವ ಹೆಟೆರೊಕ್ರೋಮ್ಯಾಟಿನ್‌ನಿಂದ ಹೊರಗೆ, ಕೋಶಕೇಂದ್ರದ ಅಂಚಿನತ್ತ ಸಾಗಿಸಲಾಗುತ್ತದೆ. ರಾಡ್51 ಎಂಬ ರಿಪೇರಿ ಪ್ರೋಟೀನ್ ಜೋಡಣೆಗೆ ಕೈಹಾಕುವುದು ಆಮೇಲೆ. ಸಾಗಿಸುವವು ಆಕ್ಟಿನ್ ಎಳೆಗಳು, ಮಯೋಸಿನ್. ಸ್ನಾಯುವಿನ ಪಾಠದಲ್ಲಿ ಬಾಯಿಪಾಠ ಮಾಡಿದ ಅದೇ ಜೋಡಿ!