ಕಾಫಿ ಗಿಡದ ನೆರಳು ಯಾವ ಇಲಾಖೆಗೆ ಸೇರಿದ್ದು?

ಚಿಕ್ಕಮಗಳೂರು ಜಿಲ್ಲೆಯ ಯಾವುದೇ ಅರೇಬಿಕಾ ಕಾಫಿಯ ತೋಟ ತೆಗೆದುಕೊಳ್ಳಿ, ಅದರ ಮೇಲೆ ಸರ್ಕಾರದ ಕಣ್ಣು ಒಂದಲ್ಲ, ಹಲವು. ಗಿಡಕ್ಕೆ ಹೊಡೆಯುವ ಔಷಧಿ 1968ರ ಕೀಟನಾಶಕ ಕಾಯ್ದೆಗೆ ಸೇರಿದ್ದು. ಗಿಡದ ಮೇಲೆ ಕೊಡೆ ಹಿಡಿದ ಮರ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅರಣ್ಯ ಇಲಾಖೆಯ ಲೆಕ್ಕಕ್ಕೆ. ತಳಿ, ಬೇಸಾಯದ ಸಲಹೆ ಎಲ್ಲ ಕಾಫಿ ಮಂಡಳಿಯದು. 1925ರಲ್ಲಿ ಅಂದಿನ ಮೈಸೂರು ಸರ್ಕಾರ ಬಾಳೆಹೊನ್ನೂರಿನ ಬಳಿ ತೆರೆದ ಪ್ರಯೋಗ ಕೇಂದ್ರವೇ ಇಂದು ಮಂಡಳಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ. ಬೀಜ ಬೆಳೆಗಾರನ ಕೈದಾಟಿ, ಹುರಿದು, ಪುಡಿಯಾಗಿ, ಪ್ಯಾಕೆಟ್ ಸೇರುವ ದಾರಿಯೆಲ್ಲ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯದು. ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ನೋಡಿಕೊಳ್ಳುತ್ತಾರೆ. ಆದರೆ ತೋಟಕ್ಕೆ ಎಷ್ಟು ವಿಷ ಬೀಳುತ್ತದೆ ಅನ್ನುವುದರಲ್ಲಿ ದೊಡ್ಡ ಕೈವಾಡ ಇರುವ ಸಂಗತಿಯೊಂದನ್ನು ಇವರಲ್ಲಿ ಯಾರೂ ಪೂರ್ತಿಯಾಗಿ ನೋಡುವುದಿಲ್ಲ. ಅದು ನೆರಳು.

ಇದು ಅರ್ಥವಾಗಬೇಕಾದರೆ ಒಂದು ಹುಳುವಿನ ಬದುಕನ್ನು ಹತ್ತಿರದಿಂದ ನೋಡಬೇಕು. ಬೆಳೆಗಾರರು ಅದನ್ನು ಬರೀ ‘ಬೋರರ್’ ಅನ್ನುತ್ತಾರೆ. ಪೂರ್ತಿ ಹೆಸರು ಬಿಳಿ ಕಾಂಡಕೊರಕ, ವಿಜ್ಞಾನದಲ್ಲಿ ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಸಣ್ಣ, ಉದ್ದನೆಯ ದುಂಬಿ. ಕಪ್ಪು ಮೈ ಮೇಲೆ ಬಿಳಿ ಗೆರೆಗಳು. ವರ್ಷಕ್ಕೆ ಎರಡು ಸಲ ಹಾರುತ್ತದೆ: ಏಪ್ರಿಲ್-ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಹೆಣ್ಣು ದುಂಬಿ ಬಿಸಿಲಿನಲ್ಲಿ ಚುರುಕು. ಬಿಸಿಲು ನೇರವಾಗಿ ಬೀಳುವ ಕಾಂಡ ಹುಡುಕಿ, ತೊಗಟೆಯ ಸೀಳುಗಳಲ್ಲಿ ಮೊಟ್ಟೆ ಇಡುತ್ತದೆ. ಹತ್ತು ದಿನದ ಆಸುಪಾಸಿನಲ್ಲಿ ಮರಿ ಹೊರಬಂದು ಮೊದಲು ತೊಗಟೆಯ ಅಡಿಯಲ್ಲೇ ಮೇಯುತ್ತದೆ, ಆಮೇಲೆ ಗಟ್ಟಿ ಮರಕ್ಕೆ ನುಗ್ಗುತ್ತದೆ. ಒಳಗೆ ಹೋದದ್ದು ತಿಂಗಳುಗಟ್ಟಲೆ ಹೊರಗೆ ಬರುವುದಿಲ್ಲ. ಕೊರೆದ ದಾರಿಯನ್ನು ತನ್ನ ಹಿಕ್ಕೆಯ ಪುಡಿಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತ ಸಾಗುತ್ತದೆ.

ಹಾಗಾಗಿ ಮರಿ ಒಳಸೇರಿದ ಮೇಲೆ ಹೊರಗಿನಿಂದ ಯಾವ ಔಷಧಿ ಹೊಡೆದರೂ ಅದಕ್ಕೆ ತಾಗುವುದಿಲ್ಲ. ಅನುಭವಸ್ಥ ಆಳುಗಳು ಕಾಂಡದ ಮೇಲೆ ಕೈಯಾಡಿಸಿದರೆ ಸಾಕು, ತೊಗಟೆಯಡಿಯ ಉಬ್ಬುಗೆರೆ ಬೆರಳಿಗೆ ಸಿಗುತ್ತದೆ. ಎಲೆ ಹಳದಿಗೆ ತಿರುಗಿ ಗಿಡ ಸೊರಗಿರುತ್ತದೆ. ಅಂಥ ಗಿಡವನ್ನು ಬುಡಸಮೇತ ಕಿತ್ತು ಸುಡುವುದೊಂದೇ ದಾರಿ. ಎಳೆಯ ಗಿಡವಾದರೆ ವರ್ಷದೊಳಗೆ ತಾನಾಗಿಯೇ ಸಾಯುತ್ತದೆ. ಏಳೆಂಟು ವರ್ಷ ಸಾಕಿ, ತುಂಬು ಫಸಲು ಕೈಗೆ ಬರುವ ಹೊತ್ತಿಗೆ ಸಾಲುಸಾಲು ಗಿಡ ಕೀಳಬೇಕಾಗಿ ಬಂದವರ ಸಂಕಟ ಮಲೆನಾಡಿಗೆ ಹೊಸದಲ್ಲ. ಅರೇಬಿಕಾ ಸಹವಾಸವೇ ಬೇಡವೆಂದು ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾ ಹಾಕಿದವರ ಮಾತಿನಲ್ಲಿ ಬೋರರ್ ಹೆಸರು ಬಂದೇ ಬರುತ್ತದೆ.

ಈ ಹುಳುವಿಗೆ ದಟ್ಟ ನೆರಳು ಆಗದು. ಮೇಲೆ ಅತ್ತಿ, ಬಸರಿ, ಗೋಣಿ, ಹಲಸಿನಂಥ ಅಗಲ ಹಂದರದ ಮರಗಳಿದ್ದು ಕೆಳಗೆ ಹಾಲುವಾಣ ಇದ್ದರೆ ಕಾಂಡಕ್ಕೆ ನೇರ ಬಿಸಿಲು ಬೀಳುವುದು ಕಡಿಮೆ, ಮೊಟ್ಟೆ ಬೀಳುವುದೂ ಕಡಿಮೆ. ಬಾಳೆಹೊನ್ನೂರಿನ ವಿಜ್ಞಾನಿಗಳು ಹಿಂದಿನಿಂದ ಹೇಳುತ್ತ ಬಂದಿರುವುದೂ ಇದನ್ನೇ: ಬೋರರ್ ಹತೋಟಿಗೆ ಮೊದಲ ಮೆಟ್ಟಿಲು ನೆರಳು. ಆಮೇಲೆ ಸಡಿಲ ತೊಗಟೆ ಉಜ್ಜಿ ತೆಗೆಯುವುದು, ಕಾಂಡಕ್ಕೆ ಸುಣ್ಣದ ನೀರು ಹಚ್ಚುವುದು, ದುಂಬಿ ಹಾರುವ ಮುಂಚೆಯೇ ಪೀಡಿತ ಗಿಡ ಹುಡುಕಿ ಕೀಳುವುದು. ಕೀಟನಾಶಕದ ಸರದಿ ಬರಬೇಕಾದದ್ದು ಇಷ್ಟೆಲ್ಲ ಆದ ಮೇಲೆ.

ನೆರಳು ತೆಳ್ಳಗಾದ ತೋಟದಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗುತ್ತದೆ. ಮೊದಲ ಉತ್ತರವೇ ಔಷಧಿಯಾಗುತ್ತದೆ.

ಆ ಔಷಧಿಯ ಚರಿತ್ರೆಯನ್ನೂ ಸ್ವಲ್ಪ ನೋಡೋಣ. ಬಹಳ ಕಾಲ ಬೋರರ್‌ಗೆ ಬಳಸಿದ್ದು ಲಿಂಡೇನ್. ಮಣ್ಣಿನಲ್ಲಿ, ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುವ ವಿಷ ಅದು. 2009ರಲ್ಲಿ ಅದು, ಇಂಥ ಬಹುಕಾಲ ಉಳಿಯುವ ವಿಷಗಳನ್ನು ತಡೆಯಲು ದೇಶಗಳು ಒಪ್ಪಿಕೊಂಡ ಸ್ಟಾಕ್‌ಹೋಮ್ ಒಡಂಬಡಿಕೆಯ ಪಟ್ಟಿಗೆ ಸೇರಿತು. ಭಾರತದಲ್ಲಿ 2011ರ ಮಾರ್ಚ್‌ನಲ್ಲಿ ತಯಾರಿಕೆ, 2013ರ ಮಾರ್ಚ್‌ನಲ್ಲಿ ಬಳಕೆ ನಿಂತಿತು. ಅದರ ಜಾಗಕ್ಕೆ ಬಂದ ಮದ್ದುಗಳಲ್ಲಿ ಮುಖ್ಯವಾದದ್ದು ಕ್ಲೋರ್‌ಪೈರಿಫಾಸ್. 2020ರಲ್ಲಿ ಯುರೋಪ್ ಒಕ್ಕೂಟ ಅದರ ಪರವಾನಗಿ ನವೀಕರಿಸಲಿಲ್ಲ, ಮಕ್ಕಳ ನರಮಂಡಲದ ಬೆಳವಣಿಗೆಗೆ ಕುತ್ತು ಎಂಬ ಆತಂಕ ಅದಕ್ಕೆ ಕಾರಣಗಳಲ್ಲೊಂದು. 2025ರಲ್ಲಿ ಕೆಲವು ವಿನಾಯಿತಿಗಳೊಂದಿಗೆ ಅದೂ ಸ್ಟಾಕ್‌ಹೋಮ್ ಪಟ್ಟಿಗೆ ಬಂತು. ಒಂದು ಮದ್ದು ಹೋದರೆ ಇನ್ನೊಂದು, ಅದು ಹೋದರೆ ಮತ್ತೊಂದು. ಕಾಂಡದ ಮೇಲೆ ಬೀಳುವ ಬಿಸಿಲು ಮಾತ್ರ ಹಾಗೆಯೇ ಉಳಿದುಬಿಡುತ್ತದೆ.

ಡಬ್ಬದ ಮೇಲೆ ಬಣ್ಣದ ವಜ್ರಾಕಾರದ ಗುರುತನ್ನು ಎಲ್ಲರೂ ನೋಡಿರುತ್ತೇವೆ. ಕೆಂಪು ಅತಿ ಘೋರ ವಿಷಕ್ಕೆ, ಹಳದಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದಕ್ಕೆ, ಆಮೇಲೆ ನೀಲಿ, ಕೊನೆಗೆ ಹಸಿರು. ಪ್ರಯೋಗಶಾಲೆಯ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಕೊಲ್ಲಲು ಎಷ್ಟು ವಿಷ ಬೇಕು ಅನ್ನುವುದರ ಮೇಲೆ ಈ ವಿಂಗಡಣೆ: ದೇಹತೂಕದ ಒಂದು ಕಿಲೋಗೆ 50 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಸಾಕಾದರೆ ಕೆಂಪು, 51ರಿಂದ 500ರವರೆಗೆ ಹಳದಿ, 501ರಿಂದ 5,000ದವರೆಗೆ ನೀಲಿ. ಇದು ಒಂದೇ ಸಲಕ್ಕೆ ಹೊಟ್ಟೆಗೆ ಹೋದ ವಿಷದ ಲೆಕ್ಕ. ಸೀಸನ್‌ಗಟ್ಟಲೆ ಪಂಪು ಹೊತ್ತು, ಕೈಗವಸು ಮುಖಗವಸು ಇಲ್ಲದೆ ಸಿಂಪಡಿಸುವವರ ಮೈಗೆ ದಿನವೂ ಸ್ವಲ್ಪಸ್ವಲ್ಪ ಸೇರುವುದನ್ನು ಆ ಬಣ್ಣ ಹೇಳುವುದಿಲ್ಲ. ರಕ್ಷಣಾ ಉಡುಪು ಕೊಡಬೇಕೆಂದು ನಿಯಮದಲ್ಲಿದೆ. ಕಾಫಿಯಲ್ಲಿ ವಿಷ ಉಳಿದಿದೆಯೇ ಎಂದು ಪಟ್ಟಣದಲ್ಲಿ ಕೂತು ಕೇಳುವ ನಾವು, ಆ ವಿಷ ಮೊದಲು ಸೋಕುವುದು ಯಾರಿಗೆ ಎಂದು ಕೇಳದೆ ಹೋದರೆ ಅದು ಅನ್ಯಾಯ.

ಸಿಂಪಡಣೆಯ ಕಾಲವೂ ಹೆಗಲೇರಿದ ಇನ್ನೊಂದು ಚಿಂತೆ. ಮೊದಲ ಹಾರಾಟ ಏಪ್ರಿಲ್-ಮೇನಲ್ಲಿ. ಅದರ ಬೆನ್ನಿಗೇ ಜೂನ್ ಮಳೆ. ತುಂಗೆ, ಭದ್ರೆ, ಹೇಮಾವತಿ ಮೂರೂ ಹುಟ್ಟುವ ಜಿಲ್ಲೆಯಿದು. ಇಳಿಜಾರಿನ ಮಣ್ಣಿಗಂಟಿದ ಮದ್ದು ಯಾವ ಹಳ್ಳ ಸೇರುತ್ತದೆ ಅನ್ನುವುದು ಕೆಳಗಿನ ಊರುಗಳಿಗೂ ಸಂಬಂಧಪಟ್ಟದ್ದು. ಎರಡನೆಯ ಹಾರಾಟ ಅರೇಬಿಕಾ ಹಣ್ಣಾಗುವ ಹೊತ್ತಿಗೇ ಬರುತ್ತದೆ. ಮದ್ದನ್ನು ಕಾಂಡಕ್ಕೆ ಮಾತ್ರ ಹೊಡೆಯಬೇಕು, ಹೊಡೆದ ಮೇಲೆ ಕೊಯ್ಲಿಗೆ ಇಂತಿಷ್ಟು ದಿನ ಬಿಡಬೇಕು. ಆಳು ಸಿಗದ, ಮಳೆ ಹೇಳಿದ ಹೊತ್ತಿಗೆ ಬಾರದ ಈಚಿನ ವರ್ಷಗಳಲ್ಲಿ ಅದನ್ನು ಪಾಲಿಸುವುದು ಬೆಳೆಗಾರನಿಗೂ ಸುಲಭವಿಲ್ಲ.

ಹಾಗಾದರೆ ಆಹಾರ ಸುರಕ್ಷತಾ ಅಧಿಕಾರಿ ತೋಟಕ್ಕೆ ಬಂದು ಯಾಕೆ ನೋಡುವುದಿಲ್ಲ? ಬರುವಂತಿಲ್ಲ. 2006ರ ಕಾಯ್ದೆಯ 18ನೇ ಕಲಂ ಸ್ಪಷ್ಟವಾಗಿದೆ: ರೈತನಿಗೆ, ಬೇಸಾಯದ ಕೆಲಸಕ್ಕೆ, ತೋಟದ ಮಟ್ಟದಲ್ಲಿರುವ ಅವನ ಬೆಳೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಬೆಳೆ ರೈತನ ಕೈದಾಟಿದ ಮೇಲೆಯೇ ಅದು ಈ ಕಾಯ್ದೆಯ ಕಣ್ಣಿಗೆ ಬೀಳುವುದು. ಸಣ್ಣ ಹಿಡುವಳಿದಾರನನ್ನು ಕೋರ್ಟು ಕಚೇರಿ ಅಲೆಸಬಾರದು ಎಂಬ ಈ ರಕ್ಷಣೆ ಸರಿಯಾದದ್ದೇ, ಅದನ್ನು ಕಿತ್ತುಹಾಕಿ ಎಂದು ನಾನು ಹೇಳಲಾರೆ. ಆದರೆ ಕೀಟನಾಶಕದ ಇನ್‌ಸ್ಪೆಕ್ಟರು ಮುಖ್ಯವಾಗಿ ನೋಡುವುದು ಅಂಗಡಿಯ ಲೈಸೆನ್ಸು, ಮಾಲಿನ ಗುಣಮಟ್ಟ. ಅಂಗಡಿಯಿಂದ ಹೊರಟ ಡಬ್ಬ ಮತ್ತು ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಬಂದ ಮೂಟೆ, ಇವೆರಡರ ನಡುವಿನದು ಬಹುತೇಕ ಬೆಳೆಗಾರನ ತಿಳಿವಳಿಕೆ, ಸಾಲ, ಅವಸರಗಳಿಗೆ ಬಿಟ್ಟದ್ದು.

ಆಮೇಲಿನ ಪರೀಕ್ಷೆ ಬಹಳ ಸೂಕ್ಷ್ಮ. ಅಧಿಕಾರಿ ತೆಗೆದ ಮಾದರಿಯನ್ನು ನಾಲ್ಕು ಪಾಲು ಮಾಡಿ ಮುದ್ರೆ ಹಾಕುತ್ತಾರೆ. ಒಂದು ಆಹಾರ ವಿಶ್ಲೇಷಕರಿಗೆ ಹೋಗುತ್ತದೆ, ಅವರು 14 ದಿನದಲ್ಲಿ ವರದಿ ಕೊಡಬೇಕು. ಅದನ್ನು ಒಪ್ಪದವರು ಮೇಲ್ಮನವಿ ಹಾಕಿದರೆ ಉಳಿದ ಪಾಲು ರೆಫರಲ್ ಪ್ರಯೋಗಾಲಯಕ್ಕೆ ಹೋಗುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ ಅಂಥದ್ದೊಂದು. ಮಿತಿ ಬೇರೆಯಾಗಿ ಗೊತ್ತುಮಾಡದ ಕೀಟನಾಶಕಗಳಿಗೆ ಸಾಮಾನ್ಯವಾಗಿ ಹಾಕುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅಂದರೆ ಹತ್ತು ಟನ್ ಹೊರುವ ಹತ್ತು ಲಾರಿ ಕಾಫಿಯಲ್ಲಿ ಒಟ್ಟು ಒಂದು ಗ್ರಾಂ. ಇಷ್ಟನ್ನು ಹಿಡಿಯುವ ಯಂತ್ರಗಳು ನಮ್ಮಲ್ಲಿವೆ. ಹಿಡಿದ ಮೇಲೆ ಮಾಡಬಹುದಾದದ್ದು ಮಾತ್ರ ದಂಡ ಹಾಕುವುದು ಅಥವಾ ಮಾಲು ವಾಪಸು ಕಳಿಸುವುದು. ಗಿಡಕ್ಕೆ ಬಿದ್ದದ್ದು ಬಿದ್ದಾಗಿದೆ.

ಅಣಬೆ ಜಾತಿಯ ಬೂಷ್ಟಿನ ಕತೆಯೂ ಹೀಗೆಯೇ. ಹಣ್ಣು ಕೊಯ್ದು ಕಣದಲ್ಲಿ ಹರಡಿದಾಗ ತೇವ ನೂರಕ್ಕೆ ಸುಮಾರು 11ಕ್ಕೆ ಇಳಿಯುವವರೆಗೆ ಆಸ್ಪರ್ಜಿಲಸ್ ಜಾತಿಯ ಬೂಷ್ಟುಗಳಿಗೆ ಅವಕಾಶ. ರಾಶಿ ಹಾಕಿ ಬಿಟ್ಟರೆ, ಒಣಗಿದ್ದು ಅಕಾಲ ಮಳೆಗೆ ಮತ್ತೆ ನೆನೆದರೆ, ಅವು ಓಕ್ರಟಾಕ್ಸಿನ್-ಎ ಎಂಬ ವಿಷ ಕೂಡಿಸುತ್ತವೆ; ಅದು ಮೂತ್ರಪಿಂಡಕ್ಕೆ ಕೆಟ್ಟದ್ದು. ಹುರಿದಾಗ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹುರಿದ ಕಾಫಿಗೆ ಯುರೋಪಿನ ಮಿತಿ ಕಿಲೋಗೆ 5 ಮೈಕ್ರೋಗ್ರಾಂ ಇದ್ದದ್ದು 2023ರಿಂದ 3ಕ್ಕೆ ಇಳಿದಿದೆ. ಈ ವಿಷ ಮೂಟೆಯ ತುಂಬ ಸಮನಾಗಿ ಹರಡಿರುವುದಿಲ್ಲ, ಕೆಲವೇ ಬೀಜಗಳಲ್ಲಿ ತುಂಬಿಕೊಂಡಿರುತ್ತದೆ. ಮಾದರಿಯಲ್ಲಿ ಆ ಬೀಜ ಬಾರದಿದ್ದರೆ ಪರೀಕ್ಷೆಗೆ ಸಿಗುವುದೇ ಇಲ್ಲ. ತೆಳುವಾಗಿ ಹರಡಿದ ಕಣ, ಹೊತ್ತಿಗೆ ಸರಿಯಾಗಿ ಎಳೆದ ಟಾರ್ಪಾಲು, ಇವು ಮಾಡುವ ಕೆಲಸವನ್ನು ಪ್ರಯೋಗಾಲಯ ಮಾಡಲಾರದು.

ಮತ್ತೆ ಮರಕ್ಕೆ ಬರುತ್ತೇನೆ. ನನಗೆ ಅತಿ ಹೆಚ್ಚು ಕಳವಳ ಇರುವುದು ಅಲ್ಲೇ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಉದ್ದೇಶ ಒಳ್ಳೆಯದು: ಖಾಸಗಿ ಜಮೀನಿನ ಮರವನ್ನೂ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಆದರೆ ಕಾಯ್ದೆ ಕೆಲವು ಮರಗಳಿಗೆ ವಿನಾಯಿತಿ ಕೊಟ್ಟಿದೆ. ಗಾಳಿಮರ, ನೀಲಗಿರಿ, ತೆಂಗು, ರಬ್ಬರ್ ಜೊತೆಗೆ ಆ ಪಟ್ಟಿಯಲ್ಲಿರುವ ಇನ್ನೊಂದು ಹೆಸರು ಸಿಲ್ವರ್ ಓಕ್. ಪೂರ್ವ ಆಸ್ಟ್ರೇಲಿಯಾ ಅದರ ತವರು. ನೆಟ್ಟಗೆ, ಬೇಗ ಬೆಳೆಯುತ್ತದೆ. ಕಾಂಡ ನೇರವಾದ್ದರಿಂದ ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಹೇಳಿ ಮಾಡಿಸಿದ್ದು. ಕಾಫಿ ದರ ಕುಸಿದ ವರ್ಷ ಮನೆ ನಡೆಸಿದ್ದೇ ಮೆಣಸು ಎನ್ನುವವರನ್ನು ಮೂಡಿಗೆರೆ, ಕೊಪ್ಪದ ಕಡೆ ಹುಡುಕಬೇಕಾಗಿಲ್ಲ. ಕಷ್ಟಕ್ಕೆ ಕಡಿದು ಮಾರಲೂ ತಕರಾರಿಲ್ಲ.

ಬೆಳೆಗಾರನ ಜಾಗದಲ್ಲಿ ನಿಂತು ನೋಡಿ. ಅಜ್ಜನ ಕಾಲದ ನಂದಿ ಮರವೊಂದು ಬಿತ್ತು. ಅಲ್ಲಿ ಮತ್ತೆ ನಂದಿ ನೆಟ್ಟರೆ ಅದು ಬೆಳೆಯಲು ದಶಕಗಳು ಬೇಕು. ಬೆಳೆದ ಮೇಲೆ ಮಗನೋ ಮೊಮ್ಮಗಳೋ ಅದನ್ನು ಕಡಿಯಬೇಕಾದರೆ ಅರ್ಜಿ, ಮಹಜರು, ಸಾಗಣೆ ಪರವಾನಗಿ. ಬೀಟೆ, ಶ್ರೀಗಂಧವಾದರೆ ಕಟ್ಟುಪಾಡು ಇನ್ನೂ ಬಿಗಿ. ಸಿಲ್ವರ್ ನೆಟ್ಟರೆ ಈ ಯಾವ ತಾಪತ್ರಯವೂ ಇಲ್ಲ. ಅವರು ಸಿಲ್ವರ್ ನೆಡುತ್ತಾರೆ. ಕಾಡುಮರ ಉಳಿಸಲೆಂದೇ ಬರೆದ ನಿಯಮ, ಹೊಸ ಕಾಡುಮರ ನೆಡಬೇಡ ಎಂದು ಬೆಳೆಗಾರನಿಗೆ ಹೇಳುತ್ತಿದೆ. ಹೀಗೆ ಒಂದೊಂದಾಗಿ ಅಗಲ ಹಂದರ ಹೋಗಿ ಕಿರಿದಾದ ಹಂದರ ಬರುತ್ತದೆ. ಮರಗಳ ಎಣಿಕೆ ಕಡಿಮೆಯಾಗದೇ ಇರಬಹುದು, ಹೆಚ್ಚಿಯೂ ಇರಬಹುದು. ಆದರೆ ಅತ್ತಿ, ಬಸರಿಯ ಹಣ್ಣಿಗೆ ಬರುತ್ತಿದ್ದ ಮಂಗಟ್ಟೆ ಹಕ್ಕಿಗೆ ಆ ತೋಟದಲ್ಲಿ ಊಟವಿಲ್ಲ, ಕೆಳಗೆ ಅರೇಬಿಕಾ ಕಾಂಡದ ಮೇಲೆ ಬಿಸಿಲು ಜಾಸ್ತಿ.

ಯುರೋಪ್ ಒಕ್ಕೂಟ 2023ರಲ್ಲಿ ತಂದ ಕಾಡುನಾಶ ತಡೆ ನಿಯಮ ಆಹಾರವನ್ನೂ ಅರಣ್ಯವನ್ನೂ ಒಂದೇ ಕಾಗದದಲ್ಲಿ ತಂದಿತು. ಕಾಫಿ, ಕೋಕೋ, ರಬ್ಬರ್, ಸೋಯಾ, ತಾಳೆ ಎಣ್ಣೆ, ದನ, ಮರಮುಟ್ಟು, ಈ ಏಳು ಸರಕುಗಳು 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದಾದರೆ ಅಲ್ಲಿಗೆ ಪ್ರವೇಶವಿಲ್ಲ. ಪ್ರತಿ ತೋಟದ ಅಕ್ಷಾಂಶ ರೇಖಾಂಶ ಕೊಡಬೇಕು. 4 ಹೆಕ್ಟೇರ್, ಅಂದರೆ ಹತ್ತಿರಹತ್ತಿರ ಹತ್ತು ಎಕರೆಗಿಂತ ದೊಡ್ಡದಾದರೆ ಎಲ್ಲೆಯ ನಕ್ಷೆಯನ್ನೇ ಕೊಡಬೇಕು. ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದೆ ಹೋಗಿದೆ. ಆದರೆ ಈ ನಿಯಮದ ಲೆಕ್ಕದಲ್ಲಿ ಬೆಳೆಯ ಮೇಲೆ ಮರವಿರುವ ತೋಟ ‘ಕಾಡು’ ಅಲ್ಲ, ಕೃಷಿಭೂಮಿ. ಹಾಗಾಗಿ ಹತ್ತು ಎಕರೆಯ ಅತ್ತಿ, ಗೋಣಿ, ಹಲಸು ಪೂರ್ತಿ ಹೋಗಿ ಸಿಲ್ವರ್ ಬಂದರೂ ಉಪಗ್ರಹದ ಚಿತ್ರದಲ್ಲಿ ಹಸಿರು ಹಸಿರೇ, ಕಾಗದದಲ್ಲಿ ಯಾವ ತಪ್ಪೂ ಇಲ್ಲ.

ಈಗ ಬೆಳೆಗಾರರು ಹೇಗೂ ಮೊಬೈಲ್ ಹಿಡಿದು ತೋಟದ ಗಡಿ ಗುರುತಿಸಬೇಕಾಗಿದೆ. ಅದೇ ನಮೂನೆಯಲ್ಲಿ ಇನ್ನೊಂದು ಕಾಲಂ ಇರಲಿ: ಎಕರೆಗೆ ಎಷ್ಟು ನೆರಳು ಮರ, ಅವುಗಳಲ್ಲಿ ನಾಡಮರ ಎಷ್ಟು. ಆ ಕಾಲಂ ತುಂಬಿದವರಿಗೆ, ತಾವೇ ನೆಟ್ಟು ನೋಂದಾಯಿಸಿದ ನಾಡಮರವನ್ನು ಮುಂದೆ ಕಡಿಯಲು ಸಿಲ್ವರ್‌ಗೆ ಇರುವಷ್ಟೇ ಸರಳ ದಾರಿಯನ್ನು ಅರಣ್ಯ ಇಲಾಖೆ ಮಾಡಿಕೊಡಲಿ. ಹಳೆಯ ಮರಗಳ ಮೇಲಿನ ಬಿಗಿ ಹಾಗೆಯೇ ಇರಲಿ. ಬೋರರ್ ಕಾಟ ಇರುವ ತೋಟಕ್ಕೆ ಕಾಫಿ ಮಂಡಳಿಯವರು ಹೋದಾಗ ಮದ್ದಿನ ಚೀಟಿಗೂ ಮುಂಚೆ ಆ ಅಂಕಿ ನೋಡಲಿ. ಅತ್ತಿ, ಬಸರಿಗಳ ಸಸಿ ನರ್ಸರಿಯಲ್ಲಿ ಸಿಲ್ವರ್ ಸಸಿಯಷ್ಟೇ ಸುಲಭವಾಗಿ, ಅಷ್ಟೇ ಅಗ್ಗದಲ್ಲಿ ಸಿಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಾಗುವುದು ಒಂದೆರಡು ಕಡೆ ಮಾತ್ರ, ಉಳಿದದ್ದು ಸಂಬಂಧಪಟ್ಟ ಕಚೇರಿಗಳು ಒಂದು ಮೇಜಿನ ಸುತ್ತ ಕೂತರೆ ಆಗುವ ಕೆಲಸ. ಕಾಫಿ ಗಿಡದಲ್ಲಿ ಹೂ ಅರಳಿಸುವ ಮುಂದಿನ ಹೂ ಮಳೆ ಬೀಳುವ ಮೊದಲೇ ಶುರು ಮಾಡಬಹುದು.