ಪ್ಲೇಯರ್‌ಗೆ ಇನ್ನು ಬೇಕಿರುವುದು ನೆನಪಿನ ಶಕ್ತಿ

ಆಪಲ್ ಕಂಪನಿ 2022ರ ಮೇ ತಿಂಗಳಲ್ಲಿ ಐಪಾಡ್‌ಗೆ ಮಂಗಳ ಹಾಡಿತು. 2001ರಲ್ಲಿ 5 ಜಿಬಿ ಹಾರ್ಡ್ ಡಿಸ್ಕ್ ಹೊತ್ತು ಬಂದ ಸಾಮಾನು ಅದು. ಜೇಬಿನ ಮ್ಯೂಸಿಕ್ ಪ್ಲೇಯರ್‌ನ ಕಾಲವೇ ಮುಗಿಯಿತು ಅಂತ ಆಗ ಎಲ್ಲ ಕಡೆ ಮಾತು. ಕುಮಟಾದಲ್ಲಿ ರೇಡಿಯೊ, ಆಂಪ್ಲಿಫೈಯರ್, ಪ್ಲೇಯರ್ ರಿಪೇರಿ ಮಾಡುವ ನನ್ನ ಟೇಬಲ್ ಮೇಲೆ ಮಾತ್ರ ಅದು ಮುಗಿದಂತೆ ಕಾಣುವುದಿಲ್ಲ. ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ. ತದಡಿ, ಬೇಲೆಕೇರಿ ಕಡೆಯ ಬೋಟುಗಳು ದಡ ಸೇರುತ್ತವೆ, ಅವುಗಳ ಜೊತೆಗೆ ಉಪ್ಪು ತಿಂದ ಸ್ಪೀಕರು, ಪ್ಲೇಯರುಗಳೂ ಇಳಿಯುತ್ತವೆ. ದೇವಿಮನೆ ಘಟ್ಟದ ಮೇಲಿಂದ ತೋಟದವರು ತರುವುದು ಬೇರೆ.

"ಈಗಿನ ಕಾಲದಲ್ಲಿ ಯಾರು ಮಾರಾಯ್ರೇ ಇದನ್ನೆಲ್ಲ ತಗೊಳ್ತಾರೆ?" ಅಂತ ಅಂಗಡಿಗೆ ಬಂದವರು ಕೇಳುತ್ತಾರೆ. ತಗೊಳ್ಳುವವರು ಇದ್ದಾರೆ. ದಡ ಬಿಟ್ಟು ಸ್ವಲ್ಪ ದೂರ ಹೋದರೆ ಬೋಟಿನಲ್ಲಿ ಫೋನ್ ಬರೀ ಗಡಿಯಾರ. ಶಿರಸಿ, ಸಿದ್ದಾಪುರದ ಎಷ್ಟೋ ತೋಟಗಳಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡದ ನೆತ್ತಿಗೆ ಹೋಗಬೇಕು. ಕರೆಂಟು ಹೋದ ರಾತ್ರಿ ಫೋನಿನ ಚಾರ್ಜು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ, ಅದರಲ್ಲಿ ಹಾಡು ಕೇಳುವವರು ಯಾರು? ಇನ್ನು ವಯಸ್ಸಾದವರಿಗೆ ಬೆರಳಿಗೆ ಸಿಗುವ ಗುಂಡಿ ಬೇಕು. 2017ರಲ್ಲಿ ಸರೆಗಮದವರು 5000 ಹಳೆಯ ಹಾಡು ತುಂಬಿ ಕಾರವಾನ್ ಬಿಟ್ಟಾಗ ಅದು ಅಷ್ಟು ಓಡಿದ್ದು ಇದೇ ಕಾರಣಕ್ಕೆ. ದನಿಯಲ್ಲಿ ಅದರದ್ದೇನೂ ವಿಶೇಷ ಇರಲಿಲ್ಲ. ಗುಂಡಿ ತಿರುಗಿಸಿದರೆ ಹಾಡು ಬರುತ್ತಿತ್ತು, ಅಷ್ಟೇ.

ಹಾಗಾಗಿ ಪ್ಲೇಯರ್ ಉಳಿಯುತ್ತದಾ ಅನ್ನುವ ಪ್ರಶ್ನೆ ನನಗೆ ದೊಡ್ಡದಲ್ಲ. ಅದರೊಳಗಿನ ಸಾಫ್ಟ್‌ವೇರ್ ಯಾವಾಗ ಸುಧಾರಿಸುತ್ತದೆ ಅನ್ನುವುದೇ ಪ್ರಶ್ನೆ. ಕಂಪನಿಗಳು ಡಬ್ಬಿಯ ಮೇಲೆ ದನಿಯ ಗುಣಮಟ್ಟ ತೋರಿಸಲು 24 ಬಿಟ್, 192 ಕಿಲೋಹರ್ಟ್ಸ್ ಅಂತ ದೊಡ್ಡ ಅಕ್ಷರದಲ್ಲಿ ಬರೆಯುತ್ತವೆ. ನನ್ನ ಟೇಬಲ್‌ಗೆ ಬರುವ ದೂರುಗಳಲ್ಲಿ ದನಿಯ ದೂರು ಕಡಿಮೆ. ಬೇರೆಯದ್ದೇ ಹೆಚ್ಚು.

ಮೊದಲನೆಯ ದೂರು, ಹಾಡಿನ ಸರದಿ ತಪ್ಪುವುದು. ಹೆಸರಿನ ಮುಂದೆ 01, 02, 03 ಅಂತ ಹಾಕಿದ್ದರೂ ಪ್ಲೇಯರ್ ತನ್ನಿಷ್ಟದ ಹಾಗೆ ಹಾಡುತ್ತದೆ. ಇದರಲ್ಲಿ ಮೆಮೊರಿ ಕಾರ್ಡಿನ ತಪ್ಪಿಲ್ಲ. ಅಗ್ಗದ ಪ್ಲೇಯರ್‌ಗಳು ಫೈಲಿನ ಹೆಸರನ್ನು ಓದಿ ಜೋಡಿಸುವ ಗೋಜಿಗೆ ಹೋಗುವುದಿಲ್ಲ. ಕಾರ್ಡಿನ ಪಟ್ಟಿಯಲ್ಲಿ ಯಾವುದು ಮೊದಲು ಬರೆದಿದೆಯೋ ಅದನ್ನು ಮೊದಲು ಹಾಡುತ್ತವೆ. ಅಂದರೆ ನೀವು ಯಾವ ಕ್ರಮದಲ್ಲಿ ಕಾಪಿ ಮಾಡಿದಿರೋ ಹೆಚ್ಚುಕಮ್ಮಿ ಅದೇ ಕ್ರಮ. ಕಂಪ್ಯೂಟರ್ ಒಟ್ಟಿಗೆ ಕಾಪಿ ಮಾಡುವಾಗ ಯಾವುದನ್ನೋ ಮೊದಲು ಹಾಕಿದರೆ ಕಥೆಯಲ್ಲಿ ಯುದ್ಧ ಮುಗಿದ ಮೇಲೆ ಸಂಧಾನ ಬರುತ್ತದೆ. ಫ್ಯಾಟ್‌ಸಾರ್ಟ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಓಡಿಸಿದರೆ ಆ ಪಟ್ಟಿ ಹೆಸರಿನ ಪ್ರಕಾರ ಸರಿಯಾಗುತ್ತದೆ. ಅದು ಆಗದಿದ್ದರೆ ಕಾರ್ಡ್ ಖಾಲಿ ಮಾಡಿ ಒಂದೊಂದೇ ಫೈಲನ್ನು ಸರದಿಯಲ್ಲಿ ಹಾಕಿ.

ಎರಡನೆಯದು, ನಿಂತ ಜಾಗ ಮರೆಯುವುದು. ನಮ್ಮ ಜಿಲ್ಲೆಯಲ್ಲಿ ಇದೇ ದೊಡ್ಡ ಗೋಳು. ಇಲ್ಲಿ ಪ್ಲೇಯರ್ ಇಟ್ಟುಕೊಂಡವರಲ್ಲಿ ಬಹಳ ಜನ ಕೇಳುವುದು ಸಿನಿಮಾ ಹಾಡಲ್ಲ, ಇಡೀ ರಾತ್ರಿಯ ಯಕ್ಷಗಾನದ ಆಟ. ನೆಬ್ಬೂರು ಭಾಗವತರ ಪದ್ಯ, ಕಾಳಿಂಗ ನಾವಡರ ಪದ್ಯ, ಇಲ್ಲಾಂದ್ರೆ ವೇಷ, ಕುಣಿತ ಇಲ್ಲದ ತಾಳಮದ್ದಳೆ. ಒಂದೊಂದು ಫೈಲೂ ಐದಾರು ಗಂಟೆ. ಸಿದ್ದಾಪುರ ಕಡೆಯ ಒಬ್ಬ ಹೆಗಡೇರು ಪ್ಲೇಯರ್ ತಂದು ಟೇಬಲ್ ಮೇಲಿಟ್ಟು ಹೇಳಿದ್ದು ಇಷ್ಟೇ: "ರಾತ್ರಿ ಕೇಳ್ತಾ ಮಲಗ್ತೆ. ಬೆಳಿಗ್ಗೆ ಹಚ್ಚಿದ್ರೆ ಮತ್ತೆ ಸಭಾಲಕ್ಷಣದಿಂದ್ಲೇ ಶುರು ಆಗ್ತು ತಮಾ." ಸಭಾಲಕ್ಷಣ ಅಂದರೆ ಆಟದ ಶುರುವಿನ ಭಾಗ. ನಾನು ಬಿಚ್ಚಿ ನೋಡುವ ಅಗತ್ಯವೇ ಇರಲಿಲ್ಲ. ಸಾಮಾನು ಸರಿ ಇತ್ತು. ನಿಂತ ನಿಮಿಷವನ್ನು ಬರೆದಿಟ್ಟುಕೊಳ್ಳಲು ಬೇಕಾದದ್ದು ನಾಲ್ಕು ಬೈಟ್ ಜಾಗ. ಆ ನಾಲ್ಕು ಬೈಟ್ ಬರೆಯುವ ಕೋಡನ್ನು ಯಾರೂ ಹಾಕಿಲ್ಲ.

ಮೂರನೆಯದು ಕನ್ನಡ. ಅಗ್ಗದ ಪ್ಲೇಯರ್‌ನಲ್ಲಿ ಕನ್ನಡದ ಹೆಸರು ಚೌಕ ಚೌಕವಾಗಿ ಕಾಣುತ್ತದೆ. ಸ್ವಲ್ಪ ಮೇಲಿನ ದರ್ಜೆಯದ್ದಾದರೆ ಅಕ್ಷರ ಬರುತ್ತದೆ, ಆದರೆ ಒತ್ತು ಕೆಳಗಿಳಿಯುವುದಿಲ್ಲ. 'ಕೃಷ್ಣ' ಅಂತ ಬರೆದರೆ ಷ, ಅದರ ಪಕ್ಕ ಒಂದು ಕೊಕ್ಕೆ, ಅದರ ಪಕ್ಕ ಣ. 'ಪಾರ್ಥ' ಅಂದರೆ ಅರ್ಕಾವೊತ್ತು ಎಲ್ಲೋ ಹೋಗಿರುತ್ತದೆ. ಅಕ್ಷರಕ್ಕೆ ಚಿತ್ರ ಇಟ್ಟರೆ ಸಾಲದು, ಅವನ್ನು ಜೋಡಿಸುವ ಸಾಫ್ಟ್‌ವೇರ್ ಬೇಕು. ಹಾರ್ಫ್‌ಬಝ್ ಅಂತ ಪುಕ್ಕಟೆಯದ್ದೇ ಇದೆ, ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಸರಿಯಾಗಿ ಕಾಣುವುದು ಅದರಿಂದಲೇ. ಆದರೆ ಅಗ್ಗದ ಪ್ಲೇಯರ್‌ನ ಚಿಪ್‌ನೊಳಗಿನ ಮೆಮೊರಿ ಎಂಬಿ ಲೆಕ್ಕದಲ್ಲಿರುವುದಿಲ್ಲ, ಕೆಬಿ ಲೆಕ್ಕದಲ್ಲಿರುತ್ತದೆ. ಅಲ್ಲಿ ಇದೆಲ್ಲ ಹಿಡಿಸುವುದು ಕಷ್ಟ. ಮೆಮೊರಿ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿರುವುದರಿಂದ ಮುಂದಿನ ಕೆಲವು ವರ್ಷಗಳಲ್ಲಿ ಇದು ಸರಿಹೋಗಬಹುದು ಅಂತ ನನ್ನ ಅಂದಾಜು. ಅದೂ ಕನ್ನಡದವರು ಕೇಳಿದರೆ ಮಾತ್ರ. ಈಗಂತೂ ಯಾರೂ ಕೇಳುವುದಿಲ್ಲ, ಸುಮ್ನೆ ಇಂಗ್ಲಿಷ್‌ನಲ್ಲಿ ಹೆಸರು ಬರೆದುಕೊಂಡು ಹೋಗುತ್ತಾರೆ.

ಸಾಫ್ಟ್‌ವೇರ್ ಬದಲಾದರೆ ಹಳೆಯ ಸಾಮಾನು ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ರಾಕ್‌ಬಾಕ್ಸ್ ಸಾಕ್ಷಿ. ಸ್ವೀಡನ್ನಿನ ಕೆಲವು ಹುಡುಗರು 2001ರ ಕೊನೆಯಲ್ಲಿ ಆರ್ಕೋಸ್ ಪ್ಲೇಯರ್‌ನ ಸಾಫ್ಟ್‌ವೇರ್‌ಗೆ ಬೇಸತ್ತು ತಾವೇ ಬರೆಯಲು ಶುರು ಮಾಡಿದ್ದು. ಆಮೇಲೆ ಹಳೆಯ ಐಪಾಡ್‌ಗೂ ಬಂತು, ಸ್ಯಾನ್‌ಡಿಸ್ಕ್‌ನ ಸಾನ್ಸಾಗೂ ಬಂತು. ನಿಂತ ಜಾಗಕ್ಕೆ ಬುಕ್‌ಮಾರ್ಕ್ ಹಾಕಬಹುದು, ಶ್ರುತಿ ಬದಲಾಗದ ಹಾಗೆ ವೇಗ ಕಡಿಮೆ ಮಾಡಬಹುದು. ಭಾಗವತಿಕೆ, ಅಂದರೆ ಯಕ್ಷಗಾನದ ಹಾಡುಗಾರಿಕೆ ಕಲಿಯುವ ಹುಡುಗರಿಗೆ ಈ ಎರಡನೆಯದು ಬಂಗಾರ. 2025ರಲ್ಲಿ ಅದರ 4.0 ಆವೃತ್ತಿ ಬಂತು. ಮಾಡಿದ ಕಂಪನಿಗಳೇ ಕೈಬಿಟ್ಟ ಯಂತ್ರಗಳಿಗೆ ಸಂಬಳ ಇಲ್ಲದವರು ಇಷ್ಟು ವರ್ಷ ಸಾಫ್ಟ್‌ವೇರ್ ಬರೆಯುತ್ತಿದ್ದಾರೆ ಅಂದರೆ ಏನು ಹೇಳುವುದು? ಹಳೆಯ ಐಪಾಡ್‌ನ ಹಾರ್ಡ್ ಡಿಸ್ಕ್ ತೆಗೆದು ಅಡಾಪ್ಟರ್ ಹಾಕಿ ಮೆಮೊರಿ ಕಾರ್ಡ್ ಕೂರಿಸಿದರೆ ಸದ್ದೂ ಇಲ್ಲ, ಬಿದ್ದರೆ ಡಿಸ್ಕ್ ಕೆಡುವ ಭಯವೂ ಇಲ್ಲ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಆದರೆ ಸಾವಿರ ರೂಪಾಯಿಯ ಪ್ಲೇಯರ್‌ಗಳಿಗೆ ರಾಕ್‌ಬಾಕ್ಸ್ ಸಾಮಾನ್ಯವಾಗಿ ಹೊಂದುವುದಿಲ್ಲ. ಆ ಚಿಪ್‌ಗಳ ಒಳಗುಟ್ಟನ್ನು ಮಾಡಿದವರು ಬಿಟ್ಟುಕೊಡುವುದಿಲ್ಲ.

ಇನ್ನು ಫೈಲಿನ ವಿಷಯ. ಎಂಪಿ3 ಸಾಯುತ್ತದೆ ಅಂತ 2017ರಲ್ಲೂ ಸುದ್ದಿಯಾಗಿತ್ತು. ಆ ವರ್ಷ ಆಗಿದ್ದು ಏನೆಂದರೆ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆ ಅದರ ಲೈಸನ್ಸ್ ಕೊಡುವುದನ್ನು ನಿಲ್ಲಿಸಿತು, ಪೇಟೆಂಟ್ ಅವಧಿ ಮುಗಿದಿತ್ತು. ಅಂದರೆ ಅದು ಸತ್ತಿದ್ದಲ್ಲ, ಎಲ್ಲರಿಗೂ ಬಿಟ್ಟಿಯಾಗಿದ್ದು. ನನ್ನ ಪ್ರಕಾರ ಅದರ ಜಾಗಕ್ಕೆ ಬರಬೇಕಾದದ್ದು ಓಪಸ್ ಅನ್ನುವ ಫೈಲ್ ನಮೂನೆ. 2012ರಿಂದಲೇ ಇದೆ, ಪುಕ್ಕಟೆ. ನೀವು ದಿನಾ ಕಳಿಸುವ ವಾಟ್ಸಾಪ್ ವಾಯ್ಸ್ ಮೆಸೇಜು ಓಪಸ್‌ನಲ್ಲೇ ಇರುವುದು. ಲೆಕ್ಕ ನೋಡಿ: ಎಂಟು ಗಂಟೆಯ ಆಟ 128 ಕೆಬಿಪಿಎಸ್ (ಸೆಕೆಂಡಿಗೆ ಅಷ್ಟು ಕಿಲೋಬಿಟ್) ಎಂಪಿ3ನಲ್ಲಿ ಸುಮಾರು 460 ಎಂಬಿ. ಮಾತು ಹೆಚ್ಚಿರುವ ತಾಳಮದ್ದಳೆಗೆ ಓಪಸ್‌ನಲ್ಲಿ 48 ಕೆಬಿಪಿಎಸ್ ಧಾರಾಳ ಸಾಕು, ಆಗ ಅಷ್ಟೇ ಹೊತ್ತಿನದ್ದು 173 ಎಂಬಿಯಲ್ಲಿ ಹಿಡಿಯುತ್ತದೆ. 32 ಜಿಬಿ ಕಾರ್ಡಿನಲ್ಲಿ ನೂರೆಂಬತ್ತು ರಾತ್ರಿ. ಪದ್ಯ, ಚಂಡೆ ಜಾಸ್ತಿ ಇದ್ದರೆ 96 ಇಡಿ. ಇನ್ನೊಂದು ಲಾಭ ಇದೆ. ಎಂಪಿ3 ಮಾಡುವಾಗ ಫೈಲಿನ ಹಿಂದೆ ಮುಂದೆ ಚೂರು ಮೌನ ಸೇರಿಕೊಳ್ಳುತ್ತದೆ. ಪದ್ಯದ ನಡುವೆ ಟ್ರ್ಯಾಕ್ ಬದಲಾದರೆ ತಾಳ ತಪ್ಪಿದ ಹಾಗೆ ಕೇಳುವುದು ಅದಕ್ಕೇ. ಓಪಸ್‌ನಲ್ಲಿ ಆ ತಂಟೆ ಇಲ್ಲ. ತೊಂದರೆ ಏನೆಂದರೆ, ಅಗ್ಗದ ಪ್ಲೇಯರ್ ಓಪಸ್ ಓದುವುದಿಲ್ಲ. ಕೊಳ್ಳುವ ಮೊದಲು ಒಂದು ಓಪಸ್ ಫೈಲ್ ಕಾರ್ಡಿನಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಹಚ್ಚಿ ನೋಡಿ.

ಹೈ-ರೆಸ್, ಅಂದರೆ ಡಬ್ಬಿಯ ಮೇಲಿನ ಆ ದೊಡ್ಡ ಅಂಕಿಗಳ ಹುಚ್ಚಿನವರಿಗೆ ಒಂದು ಮಾತು. ಆಟದ ಬಯಲಿನಲ್ಲಿ ಮೊಬೈಲ್ ಹಿಡಿದು ಮಾಡಿದ ರೆಕಾರ್ಡಿಂಗನ್ನು 192 ಕಿಲೋಹರ್ಟ್ಸ್‌ನಲ್ಲಿ ಕೇಳಿದರೂ ಪಕ್ಕದವರು ಕಡಲೆಕಾಯಿ ಸುಲಿದದ್ದು ಸ್ಪಷ್ಟವಾಗಿ ಕೇಳೀತೇ ಹೊರತು ಭಾಗವತರ ದನಿಯಲ್ಲ. ದುಡ್ಡಿದ್ದರೆ ಒಳ್ಳೆಯ ಮೈಕಿಗೆ ಹಾಕಿ. ಮೂಲ ಪ್ರತಿಯನ್ನು ಫ್ಲ್ಯಾಕ್‌ನಲ್ಲಿ ಇಡಿ, ದನಿ ಒಂದಿಷ್ಟೂ ಕಳೆದುಹೋಗುವುದಿಲ್ಲ. ರೆಕಾರ್ಡರ್ ಡಬ್ಲ್ಯೂಎವಿ ಮಾತ್ರ ಮಾಡುತ್ತದಾದರೆ ಎಚ್ಚರ ಇರಲಿ: ಆ ನಮೂನೆಯ ಫೈಲು 4 ಜಿಬಿ ದಾಟುವಂತಿಲ್ಲ. ಸಿ.ಡಿ. ಗುಣಮಟ್ಟದಲ್ಲಿ ಅದು ಆರೂಮುಕ್ಕಾಲು ಗಂಟೆ. ರಾತ್ರಿ ಹತ್ತಕ್ಕೆ ಗುಂಡಿ ಒತ್ತಿದರೆ ಬೆಳಗಿನ ಜಾವ ನಾಲ್ಕೂಮುಕ್ಕಾಲರ ಹೊತ್ತಿಗೆ ಮಿತಿ ಮುಟ್ಟುತ್ತದೆ. ಒಳ್ಳೆಯ ರೆಕಾರ್ಡರ್ ತಾನಾಗಿ ಹೊಸ ಫೈಲ್ ಶುರು ಮಾಡುತ್ತದೆ, ಕೆಲವು ಅಲ್ಲಿಗೇ ನಿಂತುಬಿಡುತ್ತವೆ. ಆಟ ರಂಗೇರುವ ಹೊತ್ತಿಗೇ!

ಮುಂದೆ ಬರುವುದರಲ್ಲಿ ನನಗೆ ನಿಜವಾದ ಆಸೆ ಇರುವುದು ಎರಡರ ಮೇಲೆ. ಒಂದು, ಬ್ಲೂಟೂತ್‌ನ ಹೊಸ ನಮೂನೆ, ಎಲ್‌ಇ ಆಡಿಯೊ. 2020ರಲ್ಲಿ ಘೋಷಣೆಯಾಗಿ 2022ರಲ್ಲಿ ಪೂರ್ತಿಯಾಯಿತು. ಅದರೊಳಗಿನ ಎಲ್‌ಸಿ3 ಕೊಡೆಕ್ (ದನಿಯನ್ನು ಚಿಕ್ಕದು ಮಾಡಿ ಕಳಿಸುವ ವಿಧಾನ) ಬ್ಲೂಟೂತ್‌ನ ಹಳೆಯ ಎಸ್‌ಬಿಸಿಗಿಂತ ಅರ್ಧದಷ್ಟು ಡೇಟಾದಲ್ಲಿ ಅಷ್ಟೇ ಒಳ್ಳೆಯ ದನಿ ಕೊಡುತ್ತದೆ. ಕಳಿಸುವ ಡೇಟಾ ಕಡಿಮೆಯಾದಷ್ಟೂ ಬ್ಯಾಟರಿ ಉಳಿಯುತ್ತದೆ. ಅದರದ್ದೇ ಇನ್ನೊಂದು ಭಾಗ ಆರಾಕ್ಯಾಸ್ಟ್. ಒಂದೇ ಯಂತ್ರದಿಂದ ಸುತ್ತಲಿನ ಎಷ್ಟು ಇಯರ್‌ಫೋನಿಗೆ ಬೇಕಾದರೂ ದನಿ ಬಿಡಬಹುದು, ಜೋಡಿ ಮಾಡುವ ರಗಳೆ ಇಲ್ಲ. ಹೊಸ ಕಿವಿಯಂತ್ರಗಳಲ್ಲೂ ಇದು ಬರುತ್ತಿದೆ. ಕಿವಿ ಮಂದವಾದ ಅಜ್ಜ ಮುಂದಿನ ಸಾಲಿನಲ್ಲಿ ಕೂತು ಮೈಕ್‌ಸೆಟ್‌ನ ದನಿಯನ್ನು ನೇರ ತನ್ನ ಕಿವಿಯಂತ್ರದಲ್ಲಿ ಕೇಳುವ ಕಾಲ ದೂರ ಇಲ್ಲ. ಮೈಕ್‌ಸೆಟ್ ಇಟ್ಟುಕೊಂಡವರು ಮುಂದಿನ ಸಾರಿ ಮಿಕ್ಸರ್ ಕೊಳ್ಳುವಾಗ ಇದನ್ನು ನೆನಪಿಡಿ.

ಎರಡನೆಯದು ಎಐ. ಎಲ್ಲದಕ್ಕೂ ಈಗ ಆ ಹೆಸರು ಅಂಟಿಸುತ್ತಾರೆ, ಅದಿರಲಿ. ನಮಗೆ ಉಪಯೋಗಕ್ಕೆ ಬರುವುದು ಎರಡು ಕೆಲಸ. ಹಾಡಿನಿಂದ ದನಿ, ವಾದ್ಯ ಬೇರೆ ಬೇರೆ ಮಾಡುವ ಸಾಫ್ಟ್‌ವೇರ್ ಆಗಲೇ ಇದೆ. ಡೀಜರ್‌ನವರ ಸ್ಪ್ಲೀಟರ್ 2019ರಲ್ಲಿ ಬಂತು, ಫೇಸ್‌ಬುಕ್‌ನವರ ಡೆಮಕ್ಸ್ ಅದಕ್ಕಿಂತ ಚೆನ್ನಾಗಿದೆ. ಆದರೆ ಅವಕ್ಕೆ ಕಲಿಸಿದ್ದು ಪಾಶ್ಚಾತ್ಯ ಹಾಡುಗಳಿಂದ. ಸಾಮಾನ್ಯವಾಗಿ ಗಾಯನ, ಡ್ರಮ್ಸ್, ಬೇಸ್, ಉಳಿದದ್ದು ಅಂತ ನಾಲ್ಕು ಪೆಟ್ಟಿಗೆ. ಮದ್ದಳೆಗೆ ಶ್ರುತಿ ಇದೆ, ಅದು ಡ್ರಮ್ಸೋ ಬೇಸೋ ಅಂತ ಅದಕ್ಕೆ ಹೇಗೆ ತಿಳಿಯಬೇಕು? ಚಂಡೆ, ಮದ್ದಳೆ, ಜಾಗಟೆ ಬೇರೆ ಬೇರೆ ಮೈಕಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟರೆ ಅದಕ್ಕೂ ಕಲಿಸಬಹುದು. ನಮ್ಮ ಮೇಳಗಳು ಮಾಡಬಹುದಾದ ಕೆಲಸ ಇದು.

ಇನ್ನೊಂದು ಕೆಲಸ ಹುಡುಕುವುದು. ಎಂಟು ಗಂಟೆಯ ಫೈಲಿನಲ್ಲಿ ಆ ಒಂದು ಪದ್ಯ ಎಲ್ಲಿದೆ? ಮಾತನ್ನು ಅಕ್ಷರ ಮಾಡುವ ವಿಸ್ಪರ್ 2022ರಲ್ಲಿ ಬಂದಾಗಲೇ ಅದರ ಭಾಷೆಗಳಲ್ಲಿ ಕನ್ನಡ ಇತ್ತು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡವೂ ಕನ್ನಡಕ್ಕೆ ಮಾಡೆಲ್‌ಗಳನ್ನು ಪುಕ್ಕಟೆ ಬಿಟ್ಟಿದೆ. ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಯ ಮಾತಾದರೆ ತಕ್ಕಮಟ್ಟಿಗೆ ಹಿಡಿದೀತು. ರಾಗ ಎಳೆದು ಹಾಡಿದ ಪದ್ಯ, ಅದರ ಮೇಲೆ ಚಂಡೆ, ಇದನ್ನು ಹಿಡಿಯಲು ಇನ್ನೂ ಸಮಯ ಬೇಕು. ಇದೆಲ್ಲ ಪ್ಲೇಯರ್‌ನೊಳಗೇ ನಡೆಯುತ್ತದೆ ಅಂತ ನಾನು ನಂಬುವುದಿಲ್ಲ. ಮನೆಯ ಕಂಪ್ಯೂಟರ್ ಈ ಕೆಲಸ ಮಾಡಿ ಯಾವ ಪದ್ಯ ಯಾವ ನಿಮಿಷಕ್ಕೆ ಅನ್ನುವ ಸಣ್ಣ ಪಟ್ಟಿಯನ್ನು ಕಾರ್ಡಿಗೆ ಬರೆದು ಕೊಡುತ್ತದೆ. ಪ್ಲೇಯರ್ ಅದನ್ನು ಓದಿದರೆ ಸಾಕು. ದುಬಾರಿ ಚಿಪ್ ಬೇಕಿಲ್ಲ.

ಸಾಫ್ಟ್‌ವೇರ್ ಎಷ್ಟೇ ಬಂದರೂ ನಮ್ಮ ಕಡೆ ಸಾಮಾನು ಸಾಯುವುದು ಉಪ್ಪುಗಾಳಿಗೆ ಮತ್ತು ಬ್ಯಾಟರಿಗೆ. ಚಾರ್ಜಿಂಗ್ ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣದಲ್ಲಿ ಮೆದು ಬ್ರಷ್‌ನಿಂದ ತೊಳೆಯಿರಿ, ಪೂರ್ತಿ ಒಣಗದೆ ಚಾರ್ಜಿಗೆ ಹಾಕಬೇಡಿ. ಟೈಪ್-ಸಿ ಪಿನ್ನಿನ ಹೊಸ ಪ್ಲೇಯರ್ ಚಾರ್ಜೇ ಆಗುತ್ತಿಲ್ಲ ಅಂತ ತರುವವರಿಗೆ ನಾನು ಮೊದಲು ಕೇಳುವುದು, ಕೇಬಲ್ಲಿನ ಎರಡೂ ತುದಿ ಸಿ ಪಿನ್ನಾ ಅಂತ. ದುಡ್ಡು ಉಳಿಸಲು ಬೋರ್ಡಿನಲ್ಲಿ 5.1 ಕಿಲೋಓಮ್‌ನ ಎರಡು ರೆಸಿಸ್ಟರ್ ಹಾಕದೆ ಬಿಟ್ಟಿರುತ್ತಾರೆ. ಅವಿಲ್ಲದೆ ಹೊಸ ಚಾರ್ಜರ್ ಕರೆಂಟು ಬಿಡುವುದೇ ಇಲ್ಲ. ಒಂದು ತುದಿ ಹಳೆಯ ಚಪ್ಪಟೆ ಪಿನ್ ಇರುವ ಕೇಬಲ್ ಹಾಕಿ, ಆಗುತ್ತದೆ.

ಬ್ಯಾಟರಿ ಊದಿದರೆ ಒತ್ತಬೇಡಿ, ಚುಚ್ಚಬೇಡಿ. ಅದರ ಮೇಲಿನ ನಂಬರ್ ಬರೆದುಕೊಳ್ಳಿ. 403040 ಅಂತ ಇದ್ದರೆ 4 ಮಿ.ಮೀ. ದಪ್ಪ, 30 ಅಗಲ, 40 ಉದ್ದ ಅಂತ ಅರ್ಥ. ಕಂಪನಿ ಯಾವುದಾದರೂ ಆ ಅಳತೆಯದ್ದು ಕೂರುತ್ತದೆ, ವೋಲ್ಟೇಜ್ ಮತ್ತು ವೈರಿನ ಪ್ಲಸ್ ಮೈನಸ್ ನೋಡಿ ಹಾಕಬೇಕು ಅಷ್ಟೇ. ಬ್ಯಾಟರಿಯನ್ನು ಬಳಸುವವರೇ ಬಿಚ್ಚಿ ಬದಲಿಸುವಂತಿರಬೇಕು ಅನ್ನುವ ಯುರೋಪಿನ ನಿಯಮ 2027ರ ಫೆಬ್ರವರಿ 18ರಿಂದ ಜಾರಿ. ಅಲ್ಲಿಗೊಂದು ಅಚ್ಚು, ಇಲ್ಲಿಗೊಂದು ಅಚ್ಚು ಅಂತ ಕಂಪನಿಗಳು ಮಾಡಲಾರವು, ಹಾಗಾಗಿ ಅದರ ಫಲ ನಮಗೂ ಸಿಗಬಹುದು. ಈಗಲೇ ಕೊಳ್ಳುವವರು ಪ್ಲೇಯರನ್ನು ತಿರುಗಿಸಿ ಹಿಂಬದಿ ನೋಡಿ. ಸ್ಕ್ರೂ ಇದ್ದರೆ ತಗೊಳ್ಳಿ. ಬರೀ ಗಮ್ ಹಾಕಿ ಅಂಟಿಸಿದ್ದರೆ ಪಕ್ಕದ ಅಂಗಡಿಯಲ್ಲೂ ಒಮ್ಮೆ ವಿಚಾರಿಸಿ.